ಕೊಬ್ಬರಿ ಮನೆಗೆ ಕೊಟ್ಟ ನಾಯಿ

ಬೆಳೆದ ಬೀದಿನಾಯಿಯನ್ನು ಮನೆಗೆ ತಂದವರು ಮೊದಲ ದಿನವೇ ಮಾಡುವ ತಪ್ಪೆಂದರೆ ಅದನ್ನು ಮುದ್ದು ಮಾಡುವುದು. ಎರಡನೆಯ ತಪ್ಪು ಸ್ನಾನ ಮಾಡಿಸುವುದು. ಅದೂ ಸಾಲದೆ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸುತ್ತಾರೆ. ಮದುವೆಯಾಗಿ ಬಂದ ಹೆಣ್ಣುಮಗಳಿಗೂ ನಾವು ಹೀಗೇ ಮಾಡುತ್ತೇವೆ. ಅವಳು ಬಾಯಿಬಿಟ್ಟು ಹೇಳುವುದಿಲ್ಲ. ನಾಯಿ ಕಚ್ಚಿ ಹೇಳುತ್ತದೆ.

ತಿಪಟೂರಿನಲ್ಲಿ ಬೀದಿನಾಯಿಗಳಿಗೆ ಮನೆ ಹುಡುಕುವ ಗುಂಪು ಕಟ್ಟಿಕೊಂಡಿರುವ ಕಾಲೇಜು ಮಕ್ಕಳು ಮನೆಗೆ ಬಂದು, ನಿಮಗೆ ಗೊತ್ತಿರುವುದನ್ನು ಬರೆದುಕೊಡಿ ಎಂದರು. ಬಾಯಲ್ಲಿ ಹೇಳುತ್ತೇನೆ, ಕೇಳಿಸಿಕೊಂಡು ಹೋಗಿ ಎಂದೆ. ಒಪ್ಪಲಿಲ್ಲ. ಮಂಡಿನೋವು, ಕೂತರೆ ಏಳಲಾರೆ, ಎದ್ದರೆ ಕೂರಲಾರೆ. ಆದರೂ ಚೌಕಾಸಿ ಬಿಟ್ಟು ಬದುಕಿದವನಲ್ಲ. ನಾನು ಬರೆದದ್ದನ್ನು ಪೂರ್ತಿ ಓದಬೇಕು, ಒಂದು ಫೋಟೋ ಹಾಕಿ ಕೆಳಗೆ ಎರಡು ಸಾಲು ಅಂಟಿಸಿ ಮುಗಿಸುವಂತಿಲ್ಲ ಎಂಬ ಕರಾರಿನ ಮೇಲೆ ಒಪ್ಪಿಕೊಂಡೆ.

ನನ್ನ ಹೆಸರು ರಾಜಣ್ಣ. ಕಸುಬು ಕೊಬ್ಬರಿ ದಲ್ಲಾಳಿ. ತಿಪಟೂರಿನ ಮಂಡಿಯೊಂದರ ಪರವಾಗಿ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತಿನ ತೋಟದ ಮನೆಗಳಿಗೆ ಮೊಪೆಡ್ಡಿನಲ್ಲಿ ತಿರುಗಿ, ಅಟ್ಟದ ಮೇಲೆ ಒಣಗುತ್ತಿರುವ ಕಾಯಿಗಳ ಅಂದಾಜು ಕಟ್ಟಿ ವ್ಯಾಪಾರ ಕುದುರಿಸುವ ಕೆಲಸ. ನಾಯಿಗಳ ಕೆಲಸ ಇದಕ್ಕೆ ಅಂಟಿಕೊಂಡು ಬಂದದ್ದು. ತೋಟದ ಮನೆಯವರಿಗೆ ನಾಯಿ ಬೇಕು, ಮರಿ ಸಾಕಲು ಪುರುಸೊತ್ತಿಲ್ಲ. ಮಂಡಿಯಂಗಳದಲ್ಲಿ ಬೆಳೆದ ನಾಯಿಗಳಿಗೆ ಬರವಿಲ್ಲ. ಒಂದು ಮನೆಗೆ ಒಳ್ಳೆಯ ನಾಯಿ ಹೊಂದಿಸಿ ಕೊಟ್ಟರೆ ಆ ಮನೆಯ ಕೊಬ್ಬರಿ ಮೊದಲು ನನ್ನ ಕಣ್ಣಿಗೆ ಬೀಳುತ್ತಿತ್ತು. ಪುಣ್ಯಕ್ಕೆ ಮಾಡಿದೆ ಎಂದು ಹೇಳಿಕೊಳ್ಳಲಾರೆ. ಆದರೆ ವ್ಯಾಪಾರಕ್ಕೆಂದು ಮಾಡಿದ ಕೆಲಸವನ್ನು ಕೆಟ್ಟದಾಗಿ ಮಾಡಿದರೆ ವ್ಯಾಪಾರವೇ ಕೆಡುತ್ತದೆ. ಪುಣ್ಯಕ್ಕೆ ಮಾಡುವವರಿಗೆ ಆ ಭಯವಿಲ್ಲ.

ನಮ್ಮ ಮಂಡಿ ಸಾಹುಕಾರರು ಮುಂಗೋಪಿ. ಕೊಬ್ಬರಿ ಬಿಟ್ಟು ಬೇರೆ ಮಾತಾಡಿದರೆ ಸಿಡುಕುತ್ತಿದ್ದರು. ಆದರೂ ನಾನು ಮೊದಲ ನಾಯಿಯನ್ನು ಕರೆದುಕೊಂಡು ಹೊರಟಾಗ ತಕ್ಕಡಿಯ ಪಕ್ಕದಿಂದಲೇ ಕೂಗಿದ್ದರು. "ಲೇ ರಾಜ, ಕೊಟ್ ಬಂದೆ, ಮುಗೀತು ಅನ್ಕಬ್ಯಾಡ ಕಣ್ಲಾ. ಹೋಗಿ ನೋಡ್ತಾ ಇರು. ತಂದೋನಿಗೇ ಅದು ಬೊಗುಳ್ತದಲ್ಲ, ಅವತ್ತು ಆ ಮನೇದಾಯ್ತು ಅಂತ ತಿಳ್ಕ. ಅಲ್ಲೀಗಂಟ ಅದು ಮಂಡಿ ನಾಯೀನೇ."

ಈ ಮಾತನ್ನು ಬಹಳ ವರ್ಷ ನಾನು ನಂಬಲಿಲ್ಲ. ಕೊಟ್ಟ ನಾಯಿಗಳೆಲ್ಲ ನನ್ನ ಮೊಪೆಡ್ಡಿನ ಸದ್ದು ಕೇಳಿದರೆ ಬಾಲ ಆಡಿಸಿಕೊಂಡು ಓಡಿ ಬರುತ್ತಿದ್ದವು. ಜೇಬಿನಲ್ಲಿ ಬಿಸ್ಕತ್ತು ಇರುತ್ತಿತ್ತಲ್ಲ, ಅದಕ್ಕೆ.

ತುರುವೇಕೆರೆಯಲ್ಲಿ ಒಬ್ಬ ಮೇಷ್ಟ್ರಿದ್ದರು. ನಾಯಿ ಬಂದ ದಿನವೇ ಅದನ್ನು ಬಚ್ಚಲಿಗೆ ಎಳೆದು, ಸೋಪು ಹಚ್ಚಿ ತಿಕ್ಕಿ, ಟವೆಲ್ಲಿನಲ್ಲಿ ಒರೆಸಿ, ಕೂತುಕೋ, ಕೈ ಕೊಡು ಎಂದು ಪಾಠ ಶುರುಮಾಡಿದರು. ನಾಯಿ ಕಾಂಪೌಂಡು ಹಾರಿ ಹೋಯಿತು. ಹುಡುಕಿ ತಂದು, "ಅಲ್ಲ ಮೇಷ್ಟ್ರೇ, ನಿಮ್ಮ ಸ್ಕೂಲಿಗೆ ಹೊಸದಾಗಿ ಬಂದ ಮಗೂಗೆ ಮೊದಲನೇ ದಿನಾನೇ ಪರೀಕ್ಷೆ ಕೊಡ್ತಿದ್ರಾ?" ಎಂದು ಕೇಳಿದೆ.

"ಕೊಡ್ತಿದ್ದೆ ಕಣಯ್ಯ," ಎಂದರು. ಅಂಥವರಿಗೆ ಹೇಳಿ ಪ್ರಯೋಜನವಿಲ್ಲ. ಅವರ ಹೆಂಡತಿಗೆ ಹೇಳಿ ಬಂದೆ. ನಾಯಿ ಉಳಿಯಿತು.

ಹುಳಿಯಾರಿನ ಕಡೆ ಕುರಿ ಸಾಕುವ ಮನೆಯೊಂದಕ್ಕೆ ಕೊಟ್ಟ ನಾಯಿ ಕುರಿಮರಿಯ ಕತ್ತಿಗೇ ಬಾಯಿ ಹಾಕಿತು. ಮಂಡಿಯಲ್ಲಿ ಹೋಟೆಲಿನ ಮೂಳೆ ತಿಂದು ಬೆಳೆದದ್ದಕ್ಕೆ ಕುರಿಯೆಂದರೆ ಊಟ. ಅಲ್ಲಿಂದ ಅದನ್ನು ವಾಪಸು ತಂದು ಬೇರೆ ಕೊಟ್ಟೆ. ಅಂದಿನಿಂದ ನನ್ನದೊಂದು ನಿಯಮವಾಯಿತು: ಹೊಂದದಿದ್ದರೆ ಬದಲಿ. ಕೊಬ್ಬರಿಯಲ್ಲಿ ಕೌಟು ಬಂದರೆ ಬದಲಿ ಕೊಡುವುದಿಲ್ಲವೇ, ಹಾಗೆ. ಈ ನಿಯಮದಿಂದ ನನಗೆ ಜಗಳಗಳು ತಪ್ಪಿದವು. ನಾಯಿಗೆ ಏನು ತಪ್ಪಿತು ಎಂದು ನಾನು ಯೋಚಿಸಲು ಹೋಗಲಿಲ್ಲ.

ಇನ್ನು ಕೊನೆಯ ನಾಯಿಯ ವಿಷಯ. ನೀವು ಕಲಿಯಬೇಕಾದದ್ದು ಇದರಲ್ಲೇ ಇದೆ.

ದಬ್ಬೇಘಟ್ಟದ ಆಚೆ ತೋಟದಲ್ಲಿ ಮನೆ ಮಾಡಿಕೊಂಡಿರುವ ಪರಮೇಶಣ್ಣ ಮತ್ತು ಅವರ ಹೆಂಡತಿ ಶಿವಗಂಗಮ್ಮ ನನಗೆ ಹಳೆಯ ಪರಿಚಯ. ಪರಮೇಶಣ್ಣ ತುರುವೇಕೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾರೆ; ತೋಟ ನೋಡಿಕೊಳ್ಳುವವರು ಶಿವಗಂಗಮ್ಮನೇ. ತೋಟದ ಕೊನೆಯಲ್ಲಿ ಪಂಪ್‌ಹೌಸು. ಕರೆಂಟು ಬಂದಾಗ ಹೋಗಿ ಮೋಟಾರು ಹಾಕಬೇಕು. ಒಂದು ದಿನ ಬೆಳಗ್ಗೆ ಆಕೆ ಹೋದಾಗ ಪಂಪ್‌ಹೌಸಿನ ಮೆಟ್ಟಿಲ ಮೇಲೆ ಚಿರತೆ ಮಲಗಿತ್ತು. ಅದು ಎದ್ದು, ಇವರನ್ನು ಒಮ್ಮೆ ನೋಡಿ, ಅವಸರವಿಲ್ಲದೆ ಹೋಯಿತಂತೆ. ಅಂದಿನಿಂದ ಶಿವಗಂಗಮ್ಮನ ಕಾಲು ಅತ್ತ ಹೋಗಲೊಲ್ಲದು. ಹತ್ತಿರವಿರುವ ಮರಗಳವರೆಗೆ ಹೋಗಿ ತಿರುಗಿ ಬರುತ್ತಿದ್ದರು. ಕೊನೆಯ ಸಾಲುಗಳಿಗೆ ನೀರಿಲ್ಲದೆ ಗರಿ ಜೋತವು. ಅವರೇ ಫೋನು ಮಾಡಿದರು.

"ರಾಜಣ್ಣ, ಒಂದ್ ನಾಯಿ ಕೊಡ್ಸಣ್ಣ. ಚಿರತೆ ಓಡ್ಸೋ ನಾಯಿ ಬ್ಯಾಡ. ನನ್ ಜೊತೆ ಬರೋ ನಾಯಿ ಕೊಡ್ಸು, ಸಾಕು."

ನನಗೆ ತಕ್ಷಣ ನೆನಪಾದದ್ದು ಕೆಂಪಿ. ಮಂಡಿಯಂಗಳದ ಹೆಣ್ಣುನಾಯಿ, ನಡುವಯಸ್ಸು. ಸಂತಾನಹರಣ ಆಗಿರುವುದಕ್ಕೆ ಗುರುತಾಗಿ ಕಿವಿಯ ತುದಿ ಕತ್ತರಿಸಿದ್ದರು. ಹುಚ್ಚುನಾಯಿ ರೋಗದ ಚುಚ್ಚುಮದ್ದು ಮತ್ತೊಮ್ಮೆ ಹಾಕಿಸಿದೆ. ಇದನ್ನು ಮಾತ್ರ ನೀವು ಯಾವ ಕಾರಣಕ್ಕೂ ಬಿಡಬೇಡಿ. ಕೆಂಪಿ ಕೂಗಾಡುವ ನಾಯಿಯಲ್ಲ. ಜನ ಕಂಡವಳು, ಲಾರಿ ಕಂಡವಳು, ಕೊಬ್ಬರಿ ಚೀಲಗಳ ರಾಶಿಯ ಮೇಲೇ ಮಲಗಿ ಬೆಳೆದವಳು. ಕೊಬ್ಬರಿ ಮನೆಗೆ ಇದಕ್ಕಿಂತ ಹೊಂದುವ ನಾಯಿ ಸಿಗಲಾರದು ಎಂದು ಲೆಕ್ಕ ಹಾಕಿದೆ.

ಮಾಮೂಲಿನಂತೆ ನಾನೇ ಕರೆದುಕೊಂಡು ಹೋಗಬೇಕಿತ್ತು. ನನ್ನ ಮೊಣಕಾಲು ಊದಿತ್ತು. ಪರಮೇಶಣ್ಣ ಅಂದು ತಿಪಟೂರಿಗೆ ಬಂದವರು, ಲಗೇಜ್ ಆಟೋದಲ್ಲಿ ತಾವೇ ಕರೆದೊಯ್ಯುವುದಾಗಿ ಹೇಳಿದರು. ಸರಿ ಎಂದೆ. ಫೋನಿನಲ್ಲಿ ಶಿವಗಂಗಮ್ಮನಿಗೆ ಎಲ್ಲ ಹೇಳಿದೆ. ಎರಡು ಕಡೆ ಗೋಡೆ ಇರುವ ಮೂಲೆ ಕೊಡಿ. ನಿಮ್ಮ ಹಳೆ ಸೀರೆ ಹಾಸಿ, ವಾಸನೆ ಗೊತ್ತಾಗಲಿ. ಅನ್ನ ಇಟ್ಟು ದೂರ ಹೋಗಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಅದು ಬಂದು ಮೂಸುವವರೆಗೆ ನೀವು ಮುಟ್ಟಬೇಡಿ. ಹೊರಗೆ ಹೋಗುವಾಗ ಹಗ್ಗ ಇರಲಿ. ಕತ್ತಲಾದ ಮೇಲೆ ಕೊಟ್ಟಿಗೆಯೊಳಗೆ ಕೂಡಿ ಬಾಗಿಲು ಹಾಕಿ, ಚಿರತೆಗೆ ನಾಯಿ ಎಂದರೆ ಪ್ರಾಣ. ಒಂದು ಅಮಾವಾಸ್ಯೆ ಕಳೆಯುವವರೆಗೆ ಏನೂ ಕೇಳಬೇಡಿ, ಕೊಡುತ್ತಾ ಇರಿ.

ಆಕೆ ಒಂದೂ ತಪ್ಪಿಸಲಿಲ್ಲ. ಮೇಷ್ಟ್ರಿಗಿಂತ ವಾಸಿ.

ಒಂದು ವಾರ ಕಳೆದು ಹೋದೆ. ತೋಟದಲ್ಲಿ ಕೆಂಪಿ ಶಿವಗಂಗಮ್ಮನ ಹಿಂದೆ ನೆರಳಿನಂತೆ ನಡೆಯುತ್ತಿತ್ತು. ಮನೆಯ ಹತ್ತಿರ ಬಂದರೆ ಬೇರೆಯೇ ನಾಯಿ. ಕೊಟ್ಟಿಗೆಯ ಬಾಗಿಲಲ್ಲಿ ಕಾಲೂರಿ ನಿಲ್ಲುತ್ತದೆ, ಎಳೆದರೆ ಉಚ್ಚೆ ಹೊಯ್ದುಕೊಳ್ಳುತ್ತದೆ. ಅಟ್ಟದ ಕೋಣೆಯ ಕಡೆ ತಲೆಯೂ ಹಾಕದು. ಅಂಗಳದಲ್ಲಿ ನಾನು ಬಂದು ಕೂತೆನಲ್ಲ, ಜೇಬಿನಲ್ಲಿ ಬಿಸ್ಕತ್ತು ಇದ್ದರೂ ನನ್ನ ಹತ್ತಿರ ಬರಲಿಲ್ಲ. ದೂರದಲ್ಲಿ ಬೆನ್ನು ಬಾಗಿಸಿಕೊಂಡು, ಹಲ್ಲು ಬಿಟ್ಟು, ಗಂಟಲಲ್ಲೇ ಗುರುಗುಟ್ಟಿತು. ಅದು ಕಾವಲಿನ ಬೊಗಳಿಕೆಯಲ್ಲ, ಹೆದರಿಕೆಯ ಗುರುಗುಟ್ಟಿಕೆ. ವರ್ಷಾನುಗಟ್ಟಲೆ ನನ್ನ ಕೈಯಿಂದ ತಿಂದ ನಾಯಿ.

"ಏನ್ ರಾಜಣ್ಣ, ನಿನ್ ನಾಯಿ ನಿನ್ನೇ ನಂಬಲ್ವಲ್ಲ," ಎಂದು ಪರಮೇಶಣ್ಣ ನಕ್ಕರು. "ನಮ್ಮನೇಲಿ ಗಾಳಿಗೀಳಿ ಇದ್ದಾತಾ ಅಂತ ಇವ್ಳು ಕೇಳ್ತಾವ್ಳೆ."

"ನಾನ್ ಯಾವಾಗ ಕೇಳ್ದೆ? ನೀವೇ ಕೇಳ್ಸಿದ್ದು, ಹೋಗಿ ನಿಂಬೆಹಣ್ಣು ತಂದೋರು ಯಾರು?" ಎಂದರು ಶಿವಗಂಗಮ್ಮ.

ಪರಮೇಶಣ್ಣನ ನಗು ಅಲ್ಲಿಗೆ ನಿಂತಿತು. "ಆಟ ಅಲ್ಲ ಕಣಣ್ಣ. ಕೊಟ್ಗೆಗೆ ಹೋಗಲ್ಲ ಅಂತ ಬಯಲಾಗೇ ಕುಂತಿರ್ತದೆ. ಚಿರತೆಗೆ ಎಡೆ ಇಕ್ದಂಗೆ. ಇನ್ನ್ ಸ್ವಲ್ಪ ದಿನಕ್ಕೆ ಅಟ್ಟ ಇಳಿಸ್ಬೇಕು, ಆಳುಗಳು ಬತ್ತಾರೆ. ಯಾರಿಗಾದ್ರೂ ಬಾಯಿ ಹಾಕಿದ್ರೆ ಆಸ್ಪತ್ರೆಗೆ ನಾನ್ ತಿರುಗ್ಲಾ? ಅಷ್ಟ್ರೊಳಗೆ ಸರಿಹೋಗ್ಲಿಲ್ಲ ಅಂದ್ರೆ ಆಟೋಗಾಕಿ ಹೈವೇ ತಾವ ಬುಟ್ಬತ್ತೀನಿ."

ನಮ್ಮ ಕಡೆಯವರಲ್ಲದವರಿಗೆ ಒಂದು ಮಾತು. ಇಲ್ಲಿ ಕಾಯಿಯನ್ನು ಹೆಚ್ಚುಕಡಿಮೆ ವರ್ಷ ಪೂರ್ತಿ ಮನೆಯ ಅಟ್ಟದ ಮೇಲೆ ಒಣಗಲು ಬಿಡುತ್ತೇವೆ. ಒಳಗೆ ನೀರಿಂಗಿ, ತಿರುಳು ಉಂಡೆಯಾಗಿ ಕಳಚಿಕೊಂಡ ಮೇಲೆ ಕೆಳಗಿಳಿಸಿ, ಸುಲಿದು, ಚಿಪ್ಪು ಒಡೆದು, ಚೀಲಕ್ಕೆ ತುಂಬುತ್ತೇವೆ. ಅಟ್ಟ ಇಳಿಸುವ ಆ ದಿನ ಮನೆ ಎಂದರೆ ಸಂತೆ. ಜನ, ಸದ್ದು, ಚಿಪ್ಪು, ಧೂಳು.

ನಾನು ಮತ್ತೆ ಮತ್ತೆ ಹೋದೆ. ಕೊಟ್ಟಿಗೆಯಲ್ಲಿ ಹಾವಿದೆಯೇ ಎಂದು ಹುಡುಕಿಸಿದೆ. ಅಟ್ಟದ ಮೇಲೆ ಇಲಿ ಓಡಾಡಿ ಕಾಯಿ ಉರುಳುವ ಸದ್ದಿಗೆ ಹೆದರುತ್ತದೇನೋ ಎಂದು ಬೋನು ಇಡಿಸಿದೆ. ಕೊಟ್ಟಿಗೆಗೆ ಬಲ್ಬು ಹಾಕಿಸಿದೆ. ಪ್ರತಿಸಲವೂ ಶಿವಗಂಗಮ್ಮ ಕಾಫಿ ತಂದುಕೊಡುತ್ತಿದ್ದರು, ನಾನು ಅಂಗಳದಲ್ಲಿ ಕೂತು ಕುಡಿಯುತ್ತಿದ್ದೆ, ಕೆಂಪಿ ದೂರದಿಂದ ಗುರುಗುಟ್ಟುತ್ತಿತ್ತು. ಈ ಕೆಲಸಕ್ಕೆ ಬರುವವರಿಗೆ ಒಂದು ಸತ್ಯ ಹೇಳುತ್ತೇನೆ. ನಾಯಿ ಕಚ್ಚಿದ್ದು ಒಂದು ವಾರಕ್ಕೆ ಮಾಯುತ್ತದೆ. ಗೊತ್ತಿದ್ದ ನಾಯಿ ನಮ್ಮನ್ನು ಕಂಡು ನಡುಗುವುದನ್ನು ನೋಡುತ್ತಾ ಕೂರುವುದಿದೆಯಲ್ಲ, ಅದು ಆಳನ್ನು ಸುಸ್ತು ಮಾಡುತ್ತದೆ. ಮನೆಗೆ ಬಂದು ಮೊಪೆಡ್ಡು ನಿಲ್ಲಿಸಿ ಅದರ ಮೇಲೇ ಸುಮ್ಮನೆ ಕೂತಿರುತ್ತಿದ್ದೆ.

ಕೊನೆಗೆ ನನ್ನ ಹಳೆಯ ನಿಯಮಕ್ಕೆ ಬಂದೆ. ಬದಲಿ ಕೊಡುವುದೆಂದು ತೀರ್ಮಾನಿಸಿ ಹೋದೆ. ಅಟ್ಟ ಇಳಿಸಲು ಇನ್ನು ನಾಲ್ಕೈದು ದಿನ ಇತ್ತೇನೋ. ಅಂಗಳ ಗುಡಿಸಿ ಖಾಲಿ ಮಾಡಿದ್ದರು. ಮನೆಯಲ್ಲಿದ್ದ ಗೋಣಿಚೀಲಗಳನ್ನೆಲ್ಲ ಹರುಕು ಹೊಲಿಸಲು ಊರೊಳಕ್ಕೆ ಕಳಿಸಿದ್ದರು.

"ಅಯ್ಯೋ, ಹಾಸಾಕೆ ಒಂದ್ ಗೋಣೀನೂ ಇಲ್ವಲ್ಲಣ್ಣ," ಎಂದು ಶಿವಗಂಗಮ್ಮ ನಾಚಿಕೊಂಡರು.

"ಬುಡು ತಾಯಿ, ನೆಲ ಏನ್ ಕಚ್ತದಾ," ಎಂದು ಹಾಗೇ ಬರಿನೆಲದ ಮೇಲೆ ಕೂತೆ. ಮಾತು ಹೇಗೆ ತೆಗೆಯಲಿ ಎಂದು ಯೋಚಿಸುತ್ತಿದ್ದೆ. ಮೊಣಕೈಗೆ ಒದ್ದೆ ತಾಗಿತು. ತಿರುಗಿ ನೋಡಿದರೆ ಕೆಂಪಿ. ಮೂಸಿತು, ಜೇಬಿನ ಬಿಸ್ಕತ್ತನ್ನು ತಾನೇ ಎಳೆದುಕೊಂಡಿತು, ನನ್ನ ಮೊಣಕಾಲ ಮೇಲೆ ಗದ್ದ ಊರಿ ನಿಟ್ಟುಸಿರು ಬಿಟ್ಟಿತು. ಮಂಡಿಯಂಗಳದಲ್ಲಿ ಹೇಗೋ ಹಾಗೇ.

ನಮ್ಮ ಕಡೆ ಮನೆಗೆ ಯಾರು ಬಂದರೂ ಗೋಣಿಚೀಲವೊಂದನ್ನು ತಂದು, ಪಟಪಟನೆ ಕೊಡವಿ, ಅಂಗಳದಲ್ಲಿ ಹಾಸಿ, ಕೂತ್ಕಳಿ ಎನ್ನುತ್ತಾರೆ. ಅದು ಮರ್ಯಾದೆ. ಇಷ್ಟು ದಿನ ನಾನು ಆ ಮರ್ಯಾದೆಯ ಮೇಲೆ ಕೂತಿದ್ದೆ. ಕೊಟ್ಟಿಗೆಯಲ್ಲಿ ಇದ್ದದ್ದು ಬೂಸದ ಚೀಲಗಳು. ಅಟ್ಟದ ಕೋಣೆಯಲ್ಲಿ ಇದ್ದದ್ದು ಕೊಬ್ಬರಿಯ ಖಾಲಿ ಚೀಲಗಳು.

"ಪರಮೇಶಣ್ಣ," ಎಂದೆ. "ಇದನ್ನ ತಿಪಟೂರಿಂದ ಹೆಂಗ್ ತಂದ್ರಿ?"

"ಹೆಂಗ್ ತತ್ತಾರೆ? ಚೀಲ್ದಾಗೆ ಹಾಕಿ, ಬಾಯ್ ಕಟ್ಟಿ, ಆಟೋದಾಗೆ ಇಟ್ಕಂಡ್ ಬಂದೆ. ದಾರಿ ಗೊತ್ತಾಗ್ಬಾರ್ದಲ್ಲ, ವಾಪಸ್ ಓಡೋಯ್ತದೆ. ನಮ್ಮಪ್ಪನೂ ಹಂಗೇ ತತ್ತಿದ್ದ."

ಅವರ ಮೇಲೆ ತಪ್ಪು ಹೊರಿಸಲಾರೆ. ಬೆಕ್ಕಿನ ಮರಿ, ನಾಯಿ ಮರಿ ತರುವಾಗ ನಮ್ಮಲ್ಲಿ ಎಲ್ಲರೂ ಮಾಡುವುದು ಅದೇ. ಕೈಯಗಲದ ಮರಿ ಚೀಲದೊಳಗೆ ನಿದ್ದೆ ಮಾಡಿಕೊಂಡು ಬರುತ್ತದೆ. ಇದು ಬೆಳೆದ ನಾಯಿ. ಯಾವ ಚೀಲದ ಮೇಲೆ ಧೈರ್ಯವಾಗಿ ಮಲಗುತ್ತಿತ್ತೋ ಅದೇ ಚೀಲ ಒಂದು ದಿನ ಬಾಯಿ ತೆರೆದು ಅದನ್ನು ನುಂಗಿತು. ತಿಪಟೂರಿನಿಂದ ದಬ್ಬೇಘಟ್ಟದವರೆಗೆ ಕತ್ತಲು, ಕುಲುಕಾಟ. ಹೊರಗೆ ಬಂದು ನೋಡಿದರೆ ಮನೆ ತುಂಬಾ ಚೀಲ.

ಕಾರಣ ಸಿಕ್ಕರೆ ರೋಗ ವಾಸಿಯಾಯಿತು ಎಂದುಕೊಳ್ಳಬೇಡಿ. ಹೆದರಿಕೆ ಬಿಡಿಸಲು ತಿಂಗಳುಗಳೇ ಬೇಕು. ಇರುವುದು ನಾಲ್ಕೈದು ದಿನ, ಬರುವುದು ಚೀಲಗಳದೇ ಹಬ್ಬ. ನಾನು ಪರಮೇಶಣ್ಣನ ಕಡೆ ತಿರುಗಿ ಹೇಳಿಬಿಟ್ಟೆ. "ಇದನ್ನ ನಾನ್ ವಾಪಸ್ ಕರ್ಕೊಂಡ್ ಹೋಗ್ತೀನಿ. ಬದಲಿ ಇನ್ನೊಂದು ಒಳ್ಳೇದು ನೋಡಿದೀನಿ, ಚೀಲಕ್ಕೆ ಹಾಕ್ದೆ ನಾನೇ ತಂದ್ಕೊಡ್ತೀನಿ."

ಪರಮೇಶಣ್ಣನ ಮುಖ ಹಗುರಾಯಿತು. ಶಿವಗಂಗಮ್ಮನ ಮುಖ ಕಪ್ಪಿಟ್ಟಿತು.

"ಬದಲಿ ತಗಳಾಕೆ ಇದೇನ್ ಕೌಟು ಕೊಬ್ರೀನಾ ಅಣ್ಣ?" ಎಂದರು. "ಇದು ಹೆದ್ರಿಕಂಡ್ರೂ ಇಲ್ಲೇ ಐತೆ. ಬಾಗ್ಲು ತೆಗ್ದೇ ಇರ್ತದೆ, ಓಡೋಗಿಲ್ಲ. ನಾನೂ ಚಿರತೆ ಕಂಡ್ ಹೆದ್ರಿಕಂಡೆ. ನನಗೂ ಬದಲಿ ತರ್ತೀರಾ?"

"ನೋಡಿದ್ಯಾ, ಎಲ್ಲಿಂದ ಎಲ್ಲಿಗ್ ತತ್ತಾಳೆ ಮಾತ!" ಎಂದು ಪರಮೇಶಣ್ಣ ಕೈ ಚೆಲ್ಲಿದರು. "ಸರಿ, ಅಟ್ಟ ಇಳಿಸೋ ದಿನ ಏನ್ ಮಾಡ್ತೀಯ?"

"ಅವತ್ತು ನಾನೂ ಅದೂ ಮನೇಲಿರಲ್ಲ. ಪಂಪ್‌ಹೌಸ್ ತಾವ ಹೋಯ್ತೀವಿ. ಸಂಜೆಗಂಟ ಅಲ್ಲೇ ಇರ್ತೀವಿ."

ಅಟ್ಟ ಇಳಿಸುವ ದಿನ ಮನೆಯೊಡತಿ ಮನೆಯಲ್ಲಿಲ್ಲದಿರುವುದು ನಾನು ಕೇಳಿದ್ದೇ ಇಲ್ಲ. ಮೊದಲು ಇಳಿದ ಕಾಯಿಗೆ ಪೂಜೆ ಆಕೆಯದು, ಆಳುಗಳಿಗೆ ಅಡುಗೆ ಆಕೆಯದು. ಅದಕ್ಕಿಂತ ಹೆಚ್ಚಾಗಿ, ಪಂಪ್‌ಹೌಸು. ಚಿರತೆ ಕಂಡ ಮೇಲೆ ಆಕೆ ಅಲ್ಲಿಯವರೆಗೆ ಹೋಗಿಯೇ ಇರಲಿಲ್ಲ.

"ಮೊದಲ್ನೇ ಕಾಯಿಗೆ ಪೂಜೆ ಮಾಡ್ಕೊಟ್ಟು ಹೋಯ್ತೀನಿ. ಸಾರು ಮಾಡಿಟ್ಟಿರ್ತೀನಿ. ಮುದ್ದೆ ನೀವ್ ತಿರುವ್ಕಳಿ."

"ನಾನಾ? ಮುದ್ದೆನಾ?"

"ತಿನ್ನಾಕ್ ಬತ್ತದಲ್ಲ, ತಿರುವಾಕೂ ಬತ್ತದೆ ಬುಡಿ."

ನಾನು ಜೀವಮಾನವೆಲ್ಲ ಚೌಕಾಸಿ ಮಾಡಿದವನು. ಎದುರಿನವರು ಎಲ್ಲಿ ಇನ್ನು ಇಳಿಯುವುದಿಲ್ಲ ಎಂಬುದು ಧ್ವನಿಯಲ್ಲೇ ತಿಳಿಯುತ್ತದೆ. ಪರಮೇಶಣ್ಣನ ಭುಜ ತಟ್ಟಿ, ಒಪ್ಕಳಿ ಎಂದೆ. ಬೂಸದ ಚೀಲಗಳನ್ನು ಕೊಟ್ಟಿಗೆಯಿಂದ ತೆಗೆಸಿ, ಬೂಸವನ್ನು ಡ್ರಮ್ಮಿಗೆ ಸುರಿಸಿದೆ. ಅಂದು ಸಂಜೆಯೇ ಕೆಂಪಿ ಶಿವಗಂಗಮ್ಮನ ಹಿಂದೆ ಕೊಟ್ಟಿಗೆಯೊಳಕ್ಕೆ ನಡೆದುಹೋಯಿತು. ಒಂದು ಕಷ್ಟ ಕಳೆಯಿತು.

ಅಟ್ಟ ಇಳಿಸುವ ದಿನ ನಾನೂ ಹೋದೆ. ವ್ಯಾಪಾರಕ್ಕಲ್ಲ, ಅವರು ಆ ಸಲದ ಕೊಬ್ಬರಿಯನ್ನು ನೇರವಾಗಿ ಮಾರುಕಟ್ಟೆಗೇ ಹಾಕುವುದೆಂದು ಮಾತಾಗಿತ್ತು. ಈಗ ಹರಾಜು ಫೋನಿನಲ್ಲೇ ಗೊತ್ತಾಗುತ್ತದೆ, ದಲ್ಲಾಳಿ ಯಾರಿಗೆ ಬೇಕು. ನಾಯಿ ಕೊಟ್ಟ ಮನೆಯ ಕೊಬ್ಬರಿ ಮೊದಲು ನನಗೆ ಎಂಬ ಹಳೆಯ ಲೆಕ್ಕ ಮುಗಿದೇಹೋಗಿತ್ತು. ಆದರೂ ಹೋದೆ. ಅಂಗಳವೆಲ್ಲ ಚೀಲ, ಚಿಪ್ಪೊಡೆಯುವ ಸದ್ದು. ಅಡುಗೆಮನೆಯಲ್ಲಿ ಪರಮೇಶಣ್ಣ ಒಲೆಯ ಮುಂದೆ ಬೆವರುತ್ತಾ, ಪಾತ್ರೆಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಕೋಲಿನಿಂದ ಹಿಟ್ಟಿನ ಜೊತೆ ಕುಸ್ತಿ ಆಡುತ್ತಿದ್ದರು. ಆಳುಗಳು ಬಾಗಿಲಲ್ಲಿ ನಿಂತು, "ಅಣ್ಣೋ, ಗಂಟು ಗಂಟು!" ಎಂದು ಕಿಚಾಯಿಸುತ್ತಿದ್ದರು.

"ರಾಜಣ್ಣ, ಅವ್ಳಿಗೊಂದಿಷ್ಟ್ ಊಟ ಕೊಟ್ಬುಡು ಮಾರಾಯ," ಎಂದು ಕ್ಯಾರಿಯರ್ ಕೈಗಿಟ್ಟರು. ಆಮೇಲೆ ದನಿ ತಗ್ಗಿಸಿದರು. "ಹೆಂಗವ್ಳೆ ನೋಡ್ಕಂಡ್ ಬಾ."

ತೋಟದುದ್ದಕ್ಕೂ ಕುಂಟುತ್ತಾ ನಡೆದೆ. ಕೊನೆಯ ಸಾಲುಗಳ ಹತ್ತಿರ ಬಂದಾಗ ಕಾಲಿಗೆ ನೀರು ತಾಗಿತು. ಕಾಲುವೆ ತುಂಬಿ ಹರಿಯುತ್ತಿತ್ತು. ಮೋಟಾರಿನ ಸದ್ದು ಕೇಳಿಸಿತು.

ಪಂಪ್‌ಹೌಸಿನ ಮೆಟ್ಟಿಲ ಮೇಲೆ, ಚಿರತೆ ಮಲಗಿತ್ತೆಂದರಲ್ಲ ಅದೇ ಮೆಟ್ಟಿಲ ಮೇಲೆ, ಶಿವಗಂಗಮ್ಮ ಕಾಲು ಚಾಚಿಕೊಂಡು ಕೂತು ಗರಿಯಿಂದ ಕಡ್ಡಿ ಸೀಳುತ್ತಿದ್ದರು. ಪೊರಕೆಗಿರಬೇಕು. ಕೆಂಪಿ ಎರಡು ಮಾರು ಮುಂದೆ, ಬದುವಿನ ಮೇಲೆ ಮಲಗಿತ್ತು. ನನ್ನ ಹೆಜ್ಜೆ ಸದ್ದಿಗೆ ಎದ್ದು ನಿಂತಿತು. ನನ್ನ ಕೈಯಲ್ಲಿ ಚೀಲವಿರಲಿಲ್ಲ, ಹೆಗಲ ಮೇಲೆ ಗೋಣಿಯಿರಲಿಲ್ಲ. ಗಾಳಿ ನನ್ನ ಕಡೆಯಿಂದ ಅದರ ಕಡೆಗೇ ಬೀಸುತ್ತಿತ್ತು, ವಾಸನೆ ಸಿಗಲಿಲ್ಲ ಎನ್ನುವಂತಿಲ್ಲ. ಬಾಲ ಮೇಲೆತ್ತಿ, ಎದೆ ಮುಂದೆ ಮಾಡಿ, ಇಡೀ ತೋಟಕ್ಕೆ ಕೇಳುವಂತೆ ಬೊಗಳಿತು.

"ಏಯ್ ಕೆಂಪಿ, ರಾಜಣ್ಣ ಕಣೇ! ಗೊತ್ತಿಲ್ವೇನೇ?" ಎಂದು ಶಿವಗಂಗಮ್ಮ ಗದರಿದರು.

ಗೊತ್ತಿತ್ತು. ಕಣ್ಣು ನೋಡಿದರೆ ತಿಳಿಯುತ್ತಿತ್ತು. ಗೊತ್ತಿದ್ದೇ ಬೊಗಳುತ್ತಿತ್ತು. ಸಾಹುಕಾರರು ತಕ್ಕಡಿಯ ಪಕ್ಕದಿಂದ ಕೂಗಿದ್ದು ನೆನಪಾಯಿತು. ನಾನು ಒಂದು ಹೆಜ್ಜೆ ಇಟ್ಟೆ. ಅದು ಒಂದು ಹೆಜ್ಜೆ ಮುಂದೆ ಬಂತು. ಜೇಬಿಗೆ ಹೋದ ಕೈಯನ್ನು ಬಿಸ್ಕತ್ತು ತೆಗೆಯದೆ ಹಾಗೇ ಹೊರಗೆ ತಂದೆ. ಕ್ಯಾರಿಯರನ್ನು ಬದುವಿನ ಮೇಲಿಟ್ಟು ಹಿಂದೆ ಸರಿದೆ.

"ಬಾ ಅಣ್ಣ, ಇಲ್ಲೇ ಊಟ ಮಾಡ್ಕಂಡ್ ಹೋಗು."

"ಅದು ಬುಡಬೇಕಲ್ಲ ತಾಯಿ," ಎಂದು ತಿರುಗಿದೆ.